ಹಲ್ಲಿಲ್ಲದವಳು ಬೇಯಿಸಿದ ಬಾಡು

ಮೊನ್ನೆ ಮೊಮ್ಮಗನ ಹೆಂಡತಿ ಒಂದು ಕರೆಂಟಿನ ಮಡಕೆ ತಂದಳು. ಒಳಗೆ ದಪ್ಪ ಪಿಂಗಾಣಿಯ ಬೋಗುಣಿ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ಎಂಟಕ್ಕೆ ಕುರಿಯ ತೊಡೆ, ಆಲೂಗಡ್ಡೆ, ಕ್ಯಾರೆಟ್ಟು, ಈರುಳ್ಳಿ ಎಲ್ಲ ತುಂಬಿ ಗುಂಡಿ ಒತ್ತಿದಳು. "ಅಜ್ಜಿ, ಸಂಜೆ ತನಕ ಮುಚ್ಚಳ ತೆಗೀಬಾರ್ದು. ನೀವು ಇಣುಕಿಗಿಣುಕಿ ನೋಡೀರಾ ಮತ್ತೆ" ಅಂತ ನನಗೇ ಬುದ್ಧಿ ಹೇಳಿ, ಸ್ಕೂಟರ್ ಹತ್ತಿ ತಿಪಟೂರಿಗೆ ಕೆಲಸಕ್ಕೆ ಹೋದಳು.

ಮಧ್ಯಾಹ್ನ ಮೂರರ ಹೊತ್ತಿಗೆ ವಾಸನೆ ಬಂತು. ನಾನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆ. ಕೈ ನಿಂತುಹೋಯಿತು. ಬಾಡು ನೀರಿನಲ್ಲಿ ಕುದಿಯುವ ವಾಸನೆ ಬೇರೆ, ತನ್ನ ರಸದಲ್ಲೇ ತಾನು ಕರಗುವ ವಾಸನೆ ಬೇರೆ. ಈ ಎರಡನೆಯದನ್ನು ನಾನು ಮೊದಲು ಮೂಸಿದ್ದು ಐವತ್ತೈದು ವರ್ಷದ ಹಿಂದೆ, ನಮ್ಮ ಹಿತ್ತಲ ಬೇಲಿಯ ಹತ್ತಿರ... ಹಿಂದಲ ಮನೆ ದೊಡ್ಡವ್ವನ ಪಕ್ಕ ಕೂತುಕೊಂಡು.

ಅವಳು ನಮಗೆ ದೂರದ ನೆಂಟಳು. ಗಂಡ ಸತ್ತು ಎಷ್ಟೋ ಕಾಲವಾಗಿತ್ತು. ಬಾಯಲ್ಲಿ ಒಂದೇ ಒಂದು ಹಲ್ಲೂ ಇರಲಿಲ್ಲ, ನಾಲಿಗೆ ಮಾತ್ರ ಕುಡುಗೋಲು. ನಮ್ಮ ಅತ್ತೆಗೂ ಅವಳಿಗೂ ಮಾತಿರಲಿಲ್ಲ. ಬೇಲಿಯ ಸಾಲಿನಲ್ಲಿ ಒಂದು ತೆಂಗಿನಮರ ಇತ್ತು. ಬುಡ ನಮ್ಮ ಕಡೆ, ತಲೆ ಬಾಗಿದ್ದು ಅವಳ ಕಡೆ. ಬಿದ್ದ ಕಾಯಿ ಯಾರದು ಅಂತ ಶುರುವಾದ ಜಗಳ, ನಾನು ಮದುವೆಯಾಗಿ ಬರುವುದಕ್ಕೂ ಮುಂಚಿನದು. ಅವಳ ಹೆಸರನ್ನು ನಮ್ಮ ಮನೆಯಲ್ಲಿ ಎತ್ತುವ ಹಾಗಿರಲಿಲ್ಲ.

ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಆಮೇಲೆ ಇಳಿಸಿ ಸುಲಿಸುವುದು. ಗಂಡಸರು ಮೇಲಿನ ನಾರುಮಟ್ಟೆ ಸುಲಿಯುತ್ತಾರೆ, ಹೆಂಗಸರು ಚಿಪ್ಪು ಒಡೆದು ಗಿಟುಕು ಬಿಡಿಸುತ್ತಾರೆ. ಸುಲಿತ ಮುಗಿಯುವ ದಿನ ಬಾಡೂಟ ಹಾಕಲೇಬೇಕು. ಹಾಕದ ಮನೆಗೆ ಮರ್ಯಾದೆ ಇಲ್ಲ.

ನಾನು ಬಂದ ಮೊದಲನೇ ವರ್ಷ ಆ ಅಡುಗೆ ನನ್ನ ತಲೆಗೆ ಬಂತು. ಅತ್ತೆ ಮುದಿ ಟಗರು ಕೊಯ್ಯಿಸಿದ್ದರು. ಎಳೆಯದಕ್ಕೆ ದುಡ್ಡು ಬಿಚ್ಚುವ ಕೈಯಲ್ಲ ಅದು. ನಾನು ಸೌದೆ ಒಟ್ಟಿ ಕುದಿಸಿದೆ, ಕುದಿಸಿದೆ, ಕುದಿಸಿದೆ. ಬಾಡು ಚಪ್ಪಲಿ ಅಟ್ಟೆಯಂತೆ ಕೂತಿತು. ಸುಲಿಯುವವರ ಮೇಸ್ತ್ರಿ ಹಂದನಕೆರೆ ಕಡೆಯವನು. ಒಂದು ತುಂಡು ಬಾಯಿಗಿಟ್ಟು, ಎಡಕ್ಕೆ ಬಲಕ್ಕೆ ಎಳೆದು ನೋಡಿ, ಪಂಕ್ತಿಗೆಲ್ಲ ಕೇಳುವ ಹಾಗೆ ಅಂದ: "ಯಜಮಾನ್ರೆ, ನಿಮ್ಮನೇಲಿ ಕಾಯಿ ಸುಲಿಯೋದು ಸಲೀಸು ಕಣ್ರೀ. ಬಾಡು ಸುಲಿಯೋದೇ ಕಷ್ಟ!"

ಆ ಮಾತು ಮೂರು ಊರು ಸುತ್ತಿತು. ನೀರಿಗೆ ಹೋದರೆ ಹೆಂಗಸರು, "ಏನವ್ವ, ಸುಲಿಗೋಲು ತಂದೀಯೇನು?" ಅಂತ ಕಿಸಿಯುತ್ತಿದ್ದರು.

ಮುಂದಿನ ವರ್ಷ ಅಟ್ಟದಿಂದ ಕಾಯಿ ಇಳಿಸುವ ವಾರ ಬಂತು. ಅತ್ತೆ ನನ್ನನ್ನು ಕರೆದು ಖಡಾಖಂಡಿತ ಹೇಳಿದರು: "ಹೋದ ಸಲ ಬುಟ್ಟಿದೀನಿ. ಈ ಸಲಾನೂ ಹಂಗೇ ಆದ್ರೆ ಬಾಡಿನ ಸೌಟು ನೀನು ಮುಟ್ಟಂಗಿಲ್ಲ. ದಂಡಿನಶಿವರದಿಂದ ನನ್ನ ತಮ್ಮನ ಸೊಸೇನ ಕರೆಸ್ತೀನಿ. ನೀನು ಪಾತ್ರೆ ತೊಳ್ಕೊಂಡಿರು." ತೊಳೆಯುವುದೇನು, ದಿನಾ ತೊಳೆಯುತ್ತಿದ್ದೆ. ಆದರೆ ಬೇರೆ ಮನೆಯವಳು ಬಂದು ನನ್ನ ಒಲೆ ಮುಂದೆ ಕೂರುವುದು... ಅದಕ್ಕಿಂತ ಬಾವಿ ವಾಸಿ ಅನ್ನಿಸಿತು.

ಅವತ್ತೇ ಹಸುವಿಗೆ ಹುಲ್ಲು ತರುವ ನೆಪದಲ್ಲಿ ಬೇಲಿ ಹತ್ತಿರ ಹೋದೆ. ದೊಡ್ಡವ್ವ ತನ್ನ ಹಿತ್ತಲಲ್ಲಿ ಊಟಕ್ಕೆ ಕೂತಿದ್ದಳು. ಅಂಗೈಯಗಲದ ಬಾಡಿನ ತುಂಡನ್ನು ಎರಡು ಬೆರಳಲ್ಲಿ ಒತ್ತಿದಳು. ಅದು ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು. ಬಾಯಿಗಿಟ್ಟುಕೊಂಡಳು, ನಾಲಿಗೆಯನ್ನು ಮೇಲಕ್ಕೆ ಒತ್ತಿದಳು, ನುಂಗಿದಳು. ಅಗಿಯಲೇ ಇಲ್ಲ! ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಏನೇ ಹಂಗೆ ನೋಡ್ತೀಯ? ಹಲ್ಲಿಲ್ದೋಳು ಬಾಡು ತಿಂದ್ರೆ ಪಾಪಾನೇನೇ?"

"ದೊಡ್ಡವ್ವ, ನಂಗೂ ಹೇಳ್ಕೊಡವ್ವ."

ಅವಳು ಕೈ ನೆಕ್ಕಿಕೊಂಡು ನಕ್ಕಳು. "ನಿಮ್ಮತ್ತೆಗೆ ಗೊತ್ತಾದ್ರೆ ನಿನ್ನೂ ಅಟ್ಟಕ್ಕೆ ಹಾಕ್ತಾಳೆ ನೋಡು." ಆಮೇಲೆ, "ಹೊಸ ಮಣ್ಣಿನ ಗುಡಾಣ ಒಂದು ತಂದಿಟ್ಕೊ. ಹಳೇ ಮಟ್ಟೆ ಕೂಡಿಡು, ಒಂದು ಹನಿ ಹಸಿ ಇರ್ಬಾರ್ದು" ಅಂದಳು.

ಸುಲಿತ ಮುಗಿಯುವ ದಿನ ಬೆಳ್ಳಂಬೆಳಗ್ಗೆ ಶುರು ಮಾಡಿದೆ. ಅತ್ತೆ ಮುಂದಿನ ಕಣದಲ್ಲಿ ಚಿಪ್ಪು ಒಡೆಯುವ ಹೆಂಗಸರ ಮೇಲೆ ಕಣ್ಣಿಟ್ಟು ಕೂತಿದ್ದರು. ಹಿತ್ತಲಲ್ಲಿ ನಾನು, ಬೇಲಿಯಾಚೆ ಅವಳು. ಅವಳು ಹೇಳಿದ ಹಾಗೆ ಮೊಣಕಾಲುದ್ದ ಗುಂಡಿ ತೋಡಿದೆ. ಗುಡಾಣದ ತಳಕ್ಕೆ ನವಿಲುಕೋಸು, ಮೂಲಂಗಿ, ಆಲೂಗಡ್ಡೆ, ಸಿಪ್ಪೆ ಸುಲಿದ ಸಣ್ಣ ಈರುಳ್ಳಿ ಇಡಿಯಿಡಿಯಾಗಿ ಹಾಸಿದೆ. ಅದರ ಮೇಲೆ ಬಾಡು, ಈ ಸಲವೂ ಮುದಿ ಟಗರಿನದೇ, ಮುಷ್ಟಿಗಿಂತ ದೊಡ್ಡ ತುಂಡು, ಮೂಳೆ ಸಮೇತ. ಉಪ್ಪು, ಅರೆದ ಖಾರ, ಶುಂಠಿ, ಬೆಳ್ಳುಳ್ಳಿ ಸವರಿದ್ದೆ. ನೀರಿನ ಚೊಂಬು ಎತ್ತಿದರೆ, "ಇಡೇ ಕೆಳಗೆ. ಒಂದು ತೊಟ್ಟೂ ಬೇಡ" ಅಂದಳು. ಕಾಯಿ ತುರಿಯಲು ಕೂತರೆ ಅದಕ್ಕೂ ಬೈದಳು. ತೆಂಗಿನ ಸೀಮೆಯಲ್ಲಿ ಕಾಯಿ ಹಾಕದೆ ಬಾಡಿನೆಸರು!

"ಕಾಯಿ ಬೆಂಕೀಲೈತೆ ಕಣೇ, ಮಡಕೇಲಿ ಯಾಕೆ?"

ರಾಗಿ ಹಿಟ್ಟು ಕಲಸಿ ಮುಚ್ಚಳದ ಸುತ್ತ ಮೆತ್ತಿದೆ. ಗುಂಡಿಯಲ್ಲಿಟ್ಟು ಸುತ್ತ ಮಟ್ಟೆ ಜೋಡಿಸಿ, ಒಂದು ಕೆಂಡ ಹಾಕಿದೆ. ಒಣಮಟ್ಟೆ ಧಗ್ ಅಂತ ಉರಿಯುವುದಿಲ್ಲ. ಒಳಗೊಳಗೇ ಕೆಂಪಾಗಿ, ನಾರು ನಾರಾಗಿ, ಉಸಿರಾಡಿದ ಹಾಗೆ ಸುಡುತ್ತಾ ಹೋಗುತ್ತದೆ. ಮೇಲೆ ನೋಡಿದರೆ ಬರೀ ಹೊಗೆ.

ಆ ಹೊಗೆಯೇ ನನ್ನನ್ನು ಕೆಡಿಸಿತು. ನೆತ್ತಿಗೆ ಬಿಸಿಲು ಬಂದಾಗ ಅತ್ತೆ ಒಂದು ಸಲ ಹಿತ್ತಲಿಗೆ ಬಂದರು. ದೊಡ್ಡವ್ವ ಊಟಕ್ಕೆ ಒಳಗೆ ಹೋಗಿದ್ದಳು, ಪುಣ್ಯ. "ಒಲೆ ಎಲ್ಲೇ? ಉರಿ ಎಲ್ಲೇ? ಬಾಡು ಬೇಯಿಸ್ತಿದೀಯೋ ಮಣ್ಣಿಗೆ ಹೂಳ್ತಿದೀಯೋ?" ಅಂತ ಮುಖ ತಿರುವಿ ಹೋದರು.

ಉರಿ ಸಾಲದೇನೋ, ಸೌಟು ಹೋಯಿತು ಅನ್ನಿಸಿತು. ಓಡಿ ಹೋಗಿ ಕಣದಿಂದ ಒಂದು ಮಂಕರಿ ಹೊಸ ಚಿಪ್ಪು ತಂದು ಗುಂಡಿಗೆ ಸುರಿದುಬಿಟ್ಟೆ. ಕೊಬ್ಬರಿ ಬಿಡಿಸಿದ ಚಿಪ್ಪು, ಎಣ್ಣೆ ಜಿಡ್ಡಿನದು. ಭಗ್ ಅಂತ ಆಳುದ್ದ ಉರಿ ಎದ್ದಿತು. ಮೆತ್ತಿದ್ದ ರಾಗಿ ಹಿಟ್ಟು ಟಪ್ ಅಂತ ಸೀಳಿ ಆವಿ ಸುಯ್ಯೆಂದಿತು.

ದೊಡ್ಡವ್ವ ಬೇಲಿ ದಾಟಿ ಬಂದಳು. ಅಷ್ಟು ವರ್ಷ ದಾಟದ ಬೇಲಿ. ಸೀರೆ ಸೆರಗು ಕೈಗೆ ಸುತ್ತಿಕೊಂಡು ಉರಿಯುವ ಚಿಪ್ಪನ್ನು ಒಂದೊಂದೇ ಎತ್ತಿ ಆಚೆ ಎಸೆದಳು. ಬಾಯಿ ಸುಮ್ಮನಿರಲಿಲ್ಲ. "ಚಿಪ್ಪು ಕಾಫಿ ಕಾಯ್ಸಕ್ಕೆ, ಮಟ್ಟೆ ಬಾಡು ಬೇಯ್ಸಕ್ಕೆ. ಅಷ್ಟೂ ತಿಳೀದೇನೇ ತೆಂಗಿನ ತೋಟದೋಳಿಗೆ?"

"ಮಡಕೆ ಒಡೀತಾ ದೊಡ್ಡವ್ವ?"

ಅವಳು ನೆಲದ ಮೇಲೆ ಮಲಗಿ, ಗುಂಡಿಯ ಅಂಚಿಗೆ ಕಿವಿ ಇಟ್ಟಳು. ಕಣ್ಣು ಮುಚ್ಚಿದಳು. ಮೈಮೇಲೆ ಬೂದಿ ಬೀಳುತ್ತಿತ್ತು, ಅಲುಗಲಿಲ್ಲ. "ಒಡೆದಿಲ್ಲ. ಒಡೆದಿದ್ರೆ ಎಸರು ಬೂದಿಗೆ ಬಿದ್ದು ಚುಂಯ್ ಅಂತಿತ್ತು. ಒಳಗೆ ಗುಳುಗುಳು ಅಂತೈತೆ. ಮೂಲಂಗಿ ಕರಗ್ತೈತೆ, ಬಾಡು ಇನ್ನೂ ಹಟ ಮಾಡ್ತೈತೆ." ನಾನೂ ಕಿವಿ ಇಟ್ಟೆ. ನನಗೆ ಏನೂ ಕೇಳಲಿಲ್ಲ. ಇವತ್ತಿನವರೆಗೂ ನನಗೆ ಅದು ಕೇಳಿಲ್ಲ.

ಸೀಳಿದ ಕಡೆ ಹಿಟ್ಟು ಮೆತ್ತಿದಳು. ಅಲ್ಲಿಂದ ಸಂಜೆಯವರೆಗೆ ಗುಂಡಿ ಬಿಟ್ಟು ಏಳಲಿಲ್ಲ. ಅಂಗೈಯನ್ನು ಕೆಂಡದ ಮೇಲೆ ಗೇಣು ಎತ್ತರಕ್ಕೆ ಹಿಡಿಯುವಳು, ಒಂದು ಮಟ್ಟೆ ಎಳೆಯುವಳು, ಇನ್ನೊಂದು ಕಡೆ ಅರ್ಧ ಮಟ್ಟೆ ತುರುಕುವಳು. ಗಡಿಯಾರ ಇಲ್ಲ, ಮುಚ್ಚಳ ತೆಗೆಯಲಿಲ್ಲ, ಮುಟ್ಟಿ ನೋಡಲಿಲ್ಲ. ಮೂಗೆತ್ತಿ ಒಂದು ಸಲ ಗಾಳಿ ಮೂಸಿ, "ಈಗ ಮೂಳೆ ಬಿಡ್ತು" ಅಂದಳು. ನಾನು ಎಷ್ಟೋ ಜನ ಓದಿದವರನ್ನು ನೋಡಿದ್ದೇನೆ. ಹಾಗೆ ತಿಳಿದವರನ್ನು ಮತ್ತೆ ನೋಡಿಲ್ಲ.

ದನ ಮನೆಗೆ ಬರುವ ಹೊತ್ತಿಗೆ ಅವಳು ಬೇಲಿಯಾಚೆ ಹೋದಳು. ನಾನು ಗುಡಾಣ ಎತ್ತಿಸಿ ಪಂಕ್ತಿಯ ಮುಂದೆ ಮುಚ್ಚಳ ತೆಗೆದೆ. ಒಂದು ತೊಟ್ಟು ನೀರು ಹಾಕದ ಗುಡಾಣದಲ್ಲಿ ಅರ್ಧದ ತನಕ ಎಸರು ನಿಂತಿತ್ತು. ಕಂದು ಬಣ್ಣ, ಮಂದ, ಮೇಲೆ ಕೊಬ್ಬು ಮಿನುಗುತ್ತಿತ್ತು.

ಮೇಸ್ತ್ರಿ ಮೂಳೆ ಹಿಡಿದು ಎತ್ತಿದ. ಮೂಳೆ ಒಂದೇ ಬಂತು, ಬಾಡು ಮುದ್ದೆಯ ಪಕ್ಕದಲ್ಲೇ ಉಳಿಯಿತು. ಬರೀ ಮೂಳೆ ಕೈಯಲ್ಲಿ ಹಿಡಿದುಕೊಂಡು ಅವನು ಅದನ್ನೇ ತಿರುಗಿಸಿ ನೋಡಿದ. ಪಂಕ್ತಿಯುದ್ದಕ್ಕೂ ಎಸರು ಸೊರ್ ಅನ್ನುವ ಸದ್ದೊಂದೇ. ಕಡೆಗೆ ಕೇಳಿದ: "ಈ ಸಲಾನೂ ಮುದಿ ಟಗರೇ ಏನ್ರೀ? ಯಾರವ್ವ ಬೇಯಿಸಿದ್ದು?"

"ಇನ್ಯಾರು? ನಮ್ಮ ಸೊಸೆ ಕಣಪ್ಪ!" ಅಂದರು ಅತ್ತೆ. ನನ್ನನ್ನು ಅವರು ಹಾಗೆ ಹೇಳಿಕೊಂಡದ್ದು ಅದೇ ಮೊದಲು.

ಬೇಲಿಯಾಚೆ ದೊಡ್ಡವ್ವ ಕೆಮ್ಮಿದ್ದು ನನಗೆ ಕೇಳಿಸಿತು. ನಾನು ಬಾಯಿ ಬಿಡಲಿಲ್ಲ. ಹೆಸರು ಎತ್ತಿದರೆ ಬಂದ ಮರ್ಯಾದೆ ಹೋಗುತ್ತಿತ್ತು. ಸೌಟು ಹೋಗುತ್ತಿತ್ತು. ಅಷ್ಟೇ ವಿಷಯ, ಸುಳ್ಳು ಹೇಳಲಾರೆ.

ಎಲ್ಲರೂ ಎದ್ದ ಮೇಲೆ ನೋಡಿದರೆ ಗುಡಾಣದಲ್ಲಿ ಒಂದು ತುಂಡೂ ಇಲ್ಲ. ಅವಳಿಗೆ ಅಂತ ಎತ್ತಿಡುವುದು ನನಗೆ ಮರೆತೇ ಹೋಗಿತ್ತು. ತಳ ಬಳಿದು ಒಂದು ಬಟ್ಟಲು ಎಸರು, ಒಂದು ಮುದ್ದೆ ತೆಗೆದುಕೊಂಡು ಹೋಗಿ ಬೇಲಿಯ ಮೇಲಿಂದ ಕೊಟ್ಟೆ. ಅವಳು ಎಡಗೈಯಲ್ಲಿ ಇಸಕೊಂಡಳು. ಬಲ ಅಂಗೈ ಬೊಬ್ಬೆ ಎದ್ದು ಊದಿತ್ತು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು.

"ಬಾಡು ಉಳೀಲಿಲ್ಲ ದೊಡ್ಡವ್ವ..."

"ಉಳೀಲಿಲ್ಲ ಅಂದ್ರೆ ಚೆನ್ನಾಗಾಗೈತೆ ಅಂತ ಬುಡು. ಎಸರಿದ್ರೆ ಸಾಕು, ಬಾಡೆಲ್ಲ ಅದ್ರಲ್ಲೇ ಐತೆ." ಎಸರಿಗೆ ಬೆರಳು ಅದ್ದಿ ನಾಲಿಗೆಗಿಟ್ಟು, "ಉಪ್ಪು ಒಂದು ಕಲ್ಲು ಜಾಸ್ತಿ" ಅಂದಳು.

ಆಮೇಲೆ ಮೂರು ವರ್ಷ ಇದ್ದಳು. ಹೇಳೋಣ, ಅತ್ತೆಯ ಮುಂದೆ ಒಂದು ಸಲ ಹೇಳಿಬಿಡೋಣ ಅಂದುಕೊಳ್ಳುತ್ತಲೇ ಇದ್ದೆ... ಅವಳು ಸತ್ತು ಮಣ್ಣಿಗೆ ಹೋದಾಗ ಅತ್ತೆಯೂ ಬಂದು ಅತ್ತರು. ಅವಳ ಮನೆ ಬಿದ್ದು ಆ ಜಾಗ ಈಗ ತೋಟ. ಬೇಲಿಯೂ ಇಲ್ಲ. ಮಟ್ಟೆಗುಂಡಿಯ ಬಾಡು ನಮ್ಮ ಮನೆಯದು ಅಂತ ಹೆಸರಾಯಿತು. ನಾನು ಎಷ್ಟೋ ಸಲ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಆ ದಿನದ್ದು ಒಂದು ಸಲವೂ ಬರಲಿಲ್ಲ.

ಮೊನ್ನೆ ಸಂಜೆ ಹುಡುಗಿ ಮುಚ್ಚಳ ತೆಗೆದು ಬಡಿಸಿದಳು. ಈಗ ಹಲ್ಲು ನನಗೂ ಇಲ್ಲ. ತುಂಡನ್ನು ನಾಲಿಗೆಯಲ್ಲಿ ಒತ್ತಿದೆ, ಕರಗಿತು. ಮೊಮ್ಮಗ ಎರಡು ತುತ್ತು ತಿಂದು, "ಚೆನ್ನಾಗೈತೆ. ಆದ್ರೂ ನಮ್ಮಜ್ಜಿ ಕೈ ಬಾಡಿನ ಮುಂದೆ ಇದೇನೂ ಅಲ್ಲ ಬುಡು" ಅಂದ. ಹುಡುಗಿಯ ಮುಖ ಸಣ್ಣಗಾಯಿತು. ಬೆಳಿಗ್ಗೆ ಎಂಟರಿಂದ ಕಾದಿದ್ದಳು, ಪಾಪ.

"ಲೇ, ಅದು ನನ್ನ ಕೈಯಲ್ಲ ಕಣ್ಲಾ" ಅಂದೆ. ಹೇಳಿದೆ, ಎಲ್ಲವನ್ನೂ. ಬೇಲಿ, ಚಿಪ್ಪು, ಬೊಬ್ಬೆ ಎದ್ದ ಅಂಗೈ. ಅನ್ನ ಆರಿತು, ಇಬ್ಬರೂ ಎದ್ದು ಹೋಗಲಿಲ್ಲ.

ಬೋಗುಣಿಯ ತಳದ ಎಸರನ್ನು ಹುಡುಗಿ ನನ್ನ ತಟ್ಟೆಗೇ ಬಗ್ಗಿಸಿದಳು. ಮುದ್ದೆ ಅದ್ದಿ ತಿಂದೆ. "ನಿನ್ನದು ಚೆನ್ನಾಗೈತೆ ಕಣೇ" ಅಂದೆ, ನಿಜವಾಗಿಯೂ ಚೆನ್ನಾಗಿತ್ತು. ಮಟ್ಟೆಯ ಹೊಗೆಯೊಂದು ಇರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.