ಚೀಟಿ ಕೇಳುವ ಡೊರೊತಿ ಮೇಡಂ

ಹಾನುಬಾಳಿನ ಮೆಡಿಕಲ್ ಶಾಪಿನ ಡೊರೊತಿ ಮೇಡಂಗೆ ಸರ್ಕಾರದ ಔಷಧ ನಿಯಮವೆಂದರೆ ಚರ್ಚಿನ ಭಾನುವಾರದ ಪೂಜೆಯಷ್ಟೇ ತಪ್ಪಿಸಲಾರದ್ದು. ಫಾರ್ಮಸಿಸ್ಟ್ ಎದುರಿಗಿಲ್ಲದೆ ಔಷಧಿ ಮಾರಬಾರದು ಎಂದು ಪಕ್ಕದ ಹೋಟೆಲಿಗೆ ಚಹಾ ಕುಡಿಯಲು ಹೋಗುವಾಗಲೂ ಶಟರ್ ಎಳೆಯುತ್ತಾರೆ. ತಮ್ಮದೇ ಬಿಪಿ ಮಾತ್ರೆಗೆ ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋಗಿ, ಡಾಕ್ಟರ ಚೀಟಿ ತಂದು, ತಮಗೆ ತಾವೇ ಬಿಲ್ಲು ಬರೆದುಕೊಳ್ಳುತ್ತಾರೆ. ಮೊನ್ನೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲಕ್ಕಪ್ಪ ಜೀಪಿನಿಂದಿಳಿದು, ಕೂಲಿ ಲೈನಿನ ಗಂಗಾಮಣಿಯ ಜ್ವರಕ್ಕೆ ಆಂಟಿಬಯೋಟಿಕ್ ಕೇಳಿದ. "ಚೀಟಿ ಎಲ್ಲಿ?" ಎಂದರು ಮೇಡಂ. "ಹೋದ ಸಲ ತಗಂಡಿದ್ದ ಮಾತ್ರೆನೇ ಕಣ್ರೀ. ಕೊಡದಿದ್ರೆ ಎಸ್ಟೇಟಿನ ವ್ಯಾಪಾರ ಪೂರ್ತಿ ಪೇಟೆ ಅಂಗಡಿಗೆ ಹೋಗ್ಬುಡ್ತದೆ. ಅಲ್ಲಿ ಗೋಡೆ ಮೇಲೆ ಫಾರ್ಮಸಿಸ್ಟ್ ಸರ್ಟಿಫಿಕೇಟ್ ಐತೆ, ಅದರಲ್ಲಿರೋ ಹೆಸರಿನೋರ್ನ ಯಾರೂ ಕಂಡಿಲ್ಲ, ಕೇಳಿದ್ದು ಕೊಡ್ತಾರೆ." ಮೇಡಂ ಅಂಗಡಿಯ ಅರ್ಧ ವ್ಯಾಪಾರ ಆ ಎಸ್ಟೇಟಿನದೇ. ಯಾವಾಗಲೂ ಕಾಯ್ದೆಯ ಕಲಂ ಹೇಳಿ ಬಾಯಿ ಮುಚ್ಚಿಸುವವರು ಅಂದು ದನಿ ತಗ್ಗಿಸಿದರು. "ನನ್ನ ಸರ್ಟಿಫಿಕೇಟೂ ಹಿಂಗೇ ಘಟ್ಟದ ಕೆಳಗೆ ಒಂದು ಅಂಗಡೀಲಿ ಎರಡು ವರ್ಷ ಬಾಡಿಗೆಗೆ ನೇತಾಡ್ತಿತ್ತು, ರೈಟ್ರೇ. ನಾನು ಮನೇಲಿದ್ದೆ. ಯಾರೋ ಕೊಟ್ಟ ಮಾತ್ರೆಗೆ ಒಬ್ಬ ಬಸುರಿಯ ಮಗು ಹೊಟ್ಟೇಲೇ ಹೋಯ್ತು. ಬಿಲ್ಲಲ್ಲಿ ನನ್ನ ಹೆಸರಿತ್ತು." ಮೇಡಂ ಬಿಲ್ಲಿನ ಪುಸ್ತಕ ಮುಚ್ಚಿಟ್ಟರು. "ವ್ಯಾಪಾರ ಎಲ್ಲಿಗಾದ್ರೂ ಹೋಗ್ಲಿ. ಜೀಪು ತಿರುಗಿಸಿ, ಮೊದಲು ಆಕೆನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನೀವು ಚೀಟಿ ತರೋವರೆಗೆ ಶಟರ್ ಎಳೆಯಲ್ಲ, ನಾನು ಇಲ್ಲಿಂದ ಏಳಲ್ಲ."