ಸಾಹೇಬರ ಮೂರು ಸಾಲು

ಪಟ್ಟಣದ ಆಡಳಿತ ಕಚೇರಿಗೆ ಯಾವ ಕಾಗದ ಬಂದರೂ ಮೊದಲು ಸೀಲಮ್ಮನ ಕಿಟಕಿಗೇ ಬರಬೇಕು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಹತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಠಪ್ ಠಪ್ ಅಂತ ತಾರೀಖಿನ ಸೀಲು ಒತ್ತಿದವಳ ಹೆಸರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳು ಕೂರುವ ಜಾಗವನ್ನು ಕೋಣೆ ಅಂದರೆ ಕೋಣೆಗೇ ನಾಚಿಕೆಯಾಗಬೇಕು. ಎದುರಿಗೆ ಜಾಲರಿ ಹಾಕಿದ ಕಿಟಕಿ, ಬೆನ್ನಿಗೆ ಕಬ್ಬಿಣದ ಬೀರು. ಹೊರಗೆ ಹೋಗಲು ಹೆಡ್ ಸಾಹೇಬರ ಕೋಣೆಯೊಂದೇ ದಾರಿ. ನೀರು ಕುಡಿಯಲು ಎದ್ದರೂ "ಎಲ್ಲಿಗೆ?" ಅನ್ನುವ ಪ್ರಶ್ನೆ ತಪ್ಪಿದ್ದಲ್ಲ.

ಬಂದ ಕಾಗದಕ್ಕೆ ಸೀಲು ಹಾಕಿ, ಆವಕ ಪುಸ್ತಕದಲ್ಲಿ ನಂಬರ್ ಕೊಟ್ಟು, ಒಂದು ಸಾಲು ಬರೆಯುವುದು ಅವಳ ಕೆಲಸ. ಸಂಜೆ ಮನೆಗೆ ಹೊರಡುವ ಮುಂಚೆ ಇನ್ನೊಂದು ಕೆಲಸ ಉಂಟು. ಕೊನೆಯ ಸಾಲಿನ ಕೆಳಗೆ ಮೂರು ನಂಬರ್ ಬರೆದು, ಅವುಗಳ ಮುಂದೆ ಏನೂ ಬರೆಯದೆ ಬಿಡಬೇಕು. ಕೆಲಸಕ್ಕೆ ಸೇರಿದ ದಿನವೇ ಹಿಂದಿನ ಗುಮಾಸ್ತರು ಹೇಳಿಕೊಟ್ಟಿದ್ದರು: "ಇವು ಸಾಹೇಬರ ಸಾಲು ಕಣಮ್ಮ. ತಡವಾಗಿ ಬಂದಿದ್ದನ್ನ ಸೇರಿಸೋಕೆ." ಒಮ್ಮೆ ಒಬ್ಬ ಮುದುಕಿಯ ಪಿಂಚಣಿ ಅರ್ಜಿ ಒಂದು ದಿನ ತಡವಾದಾಗ ಆ ಸಾಲಿನಲ್ಲೇ ಜಾಗ ಸಿಕ್ಕಿತ್ತು. ಅಂದಿನಿಂದ ಸೀಲಮ್ಮನಿಗೆ ಅದು ಪುಣ್ಯದ ಕೆಲಸವಾಗಿಯೇ ಕಂಡಿತ್ತು. ಪಾಪ, ಖಾಲಿ ಜಾಗ ಯಾರ ಕೈಗೆ ಬೇಕಾದರೂ ಸಿಗುತ್ತದೆ ಎಂದು ಹೊಳೆಯಲೇ ಇಲ್ಲ ಅವಳಿಗೆ!

ಕಚೇರಿ ಎದುರಿಗೆ ಸಾರ್ವಜನಿಕ ಹಾಲ್ ಇದೆ. ಬೀದಿಯ ಮೂಲೆಯ ದರ್ಜಿ ಮತ್ತು ಅವನ ಪೈಕಿಯ ಮೂವತ್ತು ನಲವತ್ತು ಮನೆಯವರು ವಾರಕ್ಕೊಮ್ಮೆ ಬೆಳಗ್ಗೆ ಎರಡು ಗಂಟೆಗಳ ಕಾಲ ಅಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಾರೆ. ಊರಿನ ಹೆಚ್ಚಿನವರ ಧರ್ಮವಲ್ಲ ಅದು, ಸೀಲಮ್ಮನದೂ ಅಲ್ಲ. ಅನುಮತಿಯನ್ನು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಬೋರ್ಡಿಗೆ ನೋಟೀಸು ಅಂಟಿಸುತ್ತಾರೆ, ಮೂವತ್ತು ದಿನದೊಳಗೆ ಯಾರೂ ತಕರಾರು ಕೊಡದಿದ್ದರೆ ಹಾಲ್ ಅವರದು. ಈ ಸಲವೂ ಮೂವತ್ತನೇ ಸಂಜೆ ದರ್ಜಿ ಕಿಟಕಿಗೆ ಬಂದು ವಿಚಾರಿಸಿದ. "ಏನೂ ಬಂದಿಲ್ಲಪ್ಪ, ನೆಮ್ಮದಿಯಾಗಿ ಹೋಗು" ಅಂದಳು.

ಮೂವತ್ತೆರಡನೇ ದಿನ ಹೆಡ್ ಸಾಹೇಬರೇ ಅವಳ ಗೂಡಿಗೆ ಬಂದರು. ಕೈಯಲ್ಲೊಂದು ಕಾಗದ.

"ಇದನ್ನ ಮೊನ್ನೆಯ ಖಾಲಿ ಸಾಲಿಗೆ ಸೇರಿಸಮ್ಮ. ಪಟ್ಟಣದ ಅಧ್ಯಕ್ಷರೇ ಹೇಳಿದ್ದಾರೆ."

ಹಾಲ್ ಕೊಡಕೂಡದು ಎಂಬ ತಕರಾರು ಅರ್ಜಿ ಅದು. ಕೆಳಗೆ ಅರವತ್ತು ಸಹಿ. ಒಂಬತ್ತನೆಯದು ತನ್ನ ಗಂಡನದು! ಹತ್ತನೆಯದು ಅತ್ತೆಯ ಹೆಬ್ಬೆಟ್ಟು. ಹನ್ನೊಂದನೆಯದರ ಮೇಲೆ ಸೀಲಮ್ಮನ ಕಣ್ಣು ನಿಂತಿತು. ಊರು ಮರೆತಿದ್ದ ಅವಳ ನಿಜವಾದ ಹೆಸರು ಅಲ್ಲಿತ್ತು, ಗಂಡನ ಅಕ್ಷರದಲ್ಲಿ.

"ಇವತ್ತಿನ ತಾರೀಖಿಗಾದ್ರೆ ಬರೀತೀನಿ ಸಾರ್" ಅಂದಳು.

"ಬೇಡ ಬಿಡು" ಎಂದು ಸಾಹೇಬರು ನಕ್ಕು ಕಾಗದ ತೆಗೆದುಕೊಂಡು ಹೋದರು. ಆ ನಗು ಅವಳಿಗೆ ಹಿಡಿಸಲಿಲ್ಲ.

ಮನೆಗೆ ಬಂದವಳೇ ಚೀಲ ಕೂಡ ಕೆಳಗಿಡದೆ ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಅವನು ಅದೇ ಅಧ್ಯಕ್ಷರ ಕಾರಿನ ಡ್ರೈವರ್. ಕೆಲಸ ಗುತ್ತಿಗೆಯದು, ಮುಂದಿನ ತಿಂಗಳು ಮುಗಿಯುತ್ತದೆ.

"ಅಧ್ಯಕ್ಷರೇ ಪೆನ್ನು ಕೈಗೆ ಕೊಟ್ರು ಕಣೇ. ನಿಮ್ಮ ಮನೇಲಿ ಮೂರು ಜನ ಅಲ್ವಾ ಅಂದ್ರು. ನಾನೇನು ಮಾಡ್ಲಿ?"

"ಒಂದು ಮಾತು ನನ್ನ ಕೇಳ್ಬೇಕು ಅನ್ನಿಸಲಿಲ್ವೇನ್ರೀ ನಿಮಗೆ?"

"ಅವರೇನು ನಮ್ಮ ನೆಂಟರಾ?" ಎಂದು ಅತ್ತೆ ಒಳಗಿನಿಂದಲೇ ಬಾಯಿ ಹಾಕಿದರು. "ಊರ ಉಸಾಬರಿ ನಿನಗ್ಯಾಕೆ?"

"ಅವರ ದೇವರನ್ನ ನಾನು ನಂಬಲ್ಲ ಅತ್ತೆ. ಆದ್ರೆ ನಂಬೋರನ್ನ ಬಾಗಿಲಾಚೆ ನಿಲ್ಲಿಸೋಕೆ ನಾನ್ಯಾರು? ನಾಳೆ ನಮ್ಮನ್ನೂ ಯಾರಾದ್ರೂ ಹೀಗೇ ನಿಲ್ಲಿಸಿದ್ರೆ?"

ಆಮೇಲೆಯೇ ಸೀಲಮ್ಮ ಚೀಲ ಕೆಳಗಿಟ್ಟಳು.

ಮರುದಿನ ಪುಸ್ತಕ ತೆರೆದರೆ, ಮೂವತ್ತನೇ ದಿನದ ಖಾಲಿ ಸಾಲು ತುಂಬಿತ್ತು. ನಂಬರ್ ಅವಳ ಅಕ್ಷರದ್ದು, ಮುಂದಿನ ಬರಹ ಬೇರೆಯವರದು. ಅವಳು ಒಲ್ಲೆ ಅಂದಿದ್ದು ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಮೂರೇ ದಿನಕ್ಕೆ ಹಾಲ್‌ಗೆ ಬೀಗ ಬಿತ್ತು.

ದರ್ಜಿ ಸುಮ್ಮನೆ ಕೂರುವ ಪೈಕಿಯಲ್ಲ. ಮೇಲಿನ ಕಚೇರಿಗೆ ದೂರು ಕೊಟ್ಟ, ವಿಚಾರಣೆ ನಿಗದಿಯಾಯಿತು. ಹಿಂದಿನ ದಿನ ಕಿಟಕಿಗೆ ಬಂದು ಹೇಳಿದ: "ಅಕ್ಕ, ಆವತ್ತು ಸಂಜೆ ಏನೂ ಬಂದಿರಲಿಲ್ಲ ಅಂತ ಹೇಳಿ. ಅಷ್ಟೇ ಸಾಕು."

ಅಷ್ಟೇ! ಅಷ್ಟು ಹೇಳಿದರೆ ಬರುವ ಮುಂದಿನ ಪ್ರಶ್ನೆ ಅವನಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಅವರ ಹಾಲ್ ಹೋಗುತ್ತದೆ, ಬಾಯಿ ಬಿಟ್ಟರೆ ತನ್ನ ಕೆಲಸವೂ ಗಂಡನ ಕೆಲಸವೂ ಹೋಗುತ್ತವೆ. ನುಂಗಲೂ ಆಗದು, ಉಗುಳಲೂ ಆಗದು. ಅವಳು ಅವನ ಮುಖ ನೋಡದೆ ಸೀಲಿನ ತಾರೀಖು ತಿರುಗಿಸುತ್ತ ಕೂತಳು.

ವಿಚಾರಣೆಯ ಕೋಣೆಯಲ್ಲಿ ಹೆಡ್ ಸಾಹೇಬರು ಮುಂದಿನ ಸಾಲಿನಲ್ಲೇ ಇದ್ದರು. ಬಾಗಿಲ ಬಳಿ ಗಂಡ, ಕೈಯಲ್ಲಿ ಕಾರಿನ ಕೀಲಿ.

"ಆವತ್ತು ಸಂಜೆ ಈ ಸಾಲು ಖಾಲಿ ಇತ್ತಾ?" ಎಂದು ಮೇಲಿನ ಕಚೇರಿಯ ಅಧಿಕಾರಿ ಸೀಲಮ್ಮನನ್ನು ಕೇಳಿದರು.

"ಇತ್ತು ಸಾರ್. ತಕರಾರು ಬಂದಿರಲಿಲ್ಲ."

"ನಂಬರ್ ಹಾಕಿ ಖಾಲಿ ಬಿಟ್ಟೋರು ಯಾರು?"

ಸೀಲಮ್ಮ ಒಮ್ಮೆ ಆ ಕೀಲಿ ನೋಡಿದಳು. "ನಾನೇ ಸಾರ್. ಆವತ್ತೊಂದೇ ದಿನ ಅಲ್ಲ. ಹತ್ತೊಂಬತ್ತು ವರ್ಷ, ದಿನಕ್ಕೆ ಮೂರು. ತಿರುವಿ ನೋಡಿ."

ಅಧಿಕಾರಿ ಹಾಳೆ ತಿರುವುತ್ತ ಹೋದರು.

"ಅರ್ಜಿಯಲ್ಲಿ ಹನ್ನೊಂದನೇ ಸಹಿ ನಿಮ್ಮದಾ?"

"ಹೆಸರು ನನ್ನದು, ಅಕ್ಷರ ನನ್ನದಲ್ಲ. ಯಾರದು ಅಂತ ಗೊತ್ತು, ಹೇಳಲ್ಲ."

ತಕರಾರು ಅರ್ಜಿ ಬಿದ್ದುಹೋಯಿತು. ಹಾಲ್‌ನ ಬೀಗ ತೆಗೆದರು, ದರ್ಜಿಯವರಿಗೆ ಒಂದು ವರ್ಷದ ಅನುಮತಿ ಸಿಕ್ಕಿತು. ಅದೇ ಸಂಜೆ ಸೀಲಮ್ಮನ ಕೈಗೆ ಅಮಾನತಿನ ಆದೇಶ ಬಂತು, ಆವಕ ಪುಸ್ತಕದಲ್ಲಿ ಅಕ್ರಮ ಎಂದು. ತಿಂಗಳು ಮುಗಿದಾಗ ಗಂಡನ ಕೀಲಿಯನ್ನೂ ವಾಪಸ್ ತೆಗೆದುಕೊಂಡರು. ಹೆಡ್ ಸಾಹೇಬರಿಗೆ ಏನಾಯಿತು ಅಂತ ಕೇಳುತ್ತೀರಾ? ಏನಾಗಬೇಕು! ಸಾಲು ಬಿಟ್ಟವಳು ಒಪ್ಪಿಕೊಂಡಳು, ತುಂಬಿದ ಕೈ ಯಾವುದೆಂದು ಯಾರಿಗೂ ಗುರುತು ಸಿಗಲಿಲ್ಲವಂತೆ. ಅವರು ಅದೇ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಿದ್ದಾರೆ.

ಅಮಾನತಿಗೆ ಉತ್ತರ ಕೊಡಲು ಕೊನೆಯ ದಿನ, ಕಚೇರಿ ಮುಚ್ಚುವ ಹೊತ್ತಿಗೆ, ಸೀಲಮ್ಮ ಕಿಟಕಿಗೆ ಬಂದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಜಾಲರಿಯ ಹೊರಗೆ. ಒಳಗೆ ಹೊಸ ಗುಮಾಸ್ತೆ, ಇನ್ನೂ ಅಕ್ಷರ ಪಳಗದ ಹುಡುಗಿ. ಸೀಲಮ್ಮ ಕೊಟ್ಟ ಉತ್ತರಕ್ಕೆ ಅವಳು ಸೀಲು ಹಾಕಿದಳು, ಸಾಲು ಬರೆದಳು. ಆಮೇಲೆ ಅದರ ಕೆಳಗೆ ಒಂದು, ಎರಡು, ಮೂರು ಎಂದು ನಂಬರ್ ಹಾಕಿ ಪೆನ್ನು ಎತ್ತಿದಳು.

"ಆ ಖಾಲಿ ಸಾಲಿನ ಮೇಲೆ ಗೆರೆ ಎಳಿಯಮ್ಮ, ಆಮೇಲೆ ಯಾರೂ ತುಂಬಬಾರದು."

"ಬಿಡಬೇಕು ಅಂತ ಸಾಹೇಬ್ರು ಹೇಳಿದ್ದಾರೆ ಅಕ್ಕ."

"ಗೊತ್ತು. ನೀನು ಎಳಿಯೋವರೆಗೂ ನಾನು ಈ ಕಿಟಕಿ ಬಿಡಲ್ಲ."

"ಯಾರದು?" ಎಂದು ಹಿಂದಿನ ಕೋಣೆಯಿಂದ ದನಿ ಬಂತು. ಹುಡುಗಿ ತಿರುಗಿ ಆ ಬಾಗಿಲು ನೋಡಿದಳು, ಬೀರು ನೋಡಿದಳು, ಮತ್ತೆ ಕಿಟಕಿಯತ್ತ ತಿರುಗಿದಳು. ಸೀಲಮ್ಮ ಚೀಲದಿಂದ ತನ್ನ ಕೆಂಪು ಪೆನ್ನು ತೆಗೆದು ಜಾಲರಿಯ ಸಂದಿಯಲ್ಲಿ ತೂರಿಸಿದಳು.

"ತಗೋ. ನನಗೆ ಯಾರೂ ಹೇಳಿರಲಿಲ್ಲ, ನಾನು ನಿನಗೆ ಹೇಳ್ತಿದ್ದೀನಿ."