ನನ್ನನ್ನೂ ಆರಿಸಿದ್ದಾನಾ?

ಅಗ್ನಿಶಾಮಕ ಠಾಣೆಯಲ್ಲಿ ಅವಳನ್ನು ಎಲ್ಲರೂ ಫೋನಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೆಂಕಿಯ ಕರೆಗಳಿಗೆ ಉತ್ತರಿಸುತ್ತಾ ಕೂತವಳು. ಮನೆಗೆ ನೆಂಟರು ಫೋನ್ ಮಾಡಿದರೂ ಬಾಯಿತಪ್ಪಿ "ಅಡ್ರೆಸ್ ಹೇಳಿ" ಎಂದುಬಿಡುತ್ತಾಳೆಂದು ತಮ್ಮ ನಗುತ್ತಿದ್ದ. ಅಪ್ಪ ಚರ್ಚಿನಲ್ಲಿ ಬೋಧಕರಾಗಿದ್ದು ನಿವೃತ್ತರಾದವರು. ರಕ್ಷಣೆ ಹೊಂದುವವರನ್ನು ಲೋಕ ಹುಟ್ಟುವ ಮೊದಲೇ ದೇವರು ಆರಿಸಿಟ್ಟಿದ್ದಾನೆ, ಅವರು ಯಾರೆಂದು ಹೇಳುವ ಹಕ್ಕು ಮನುಷ್ಯನಿಗಿಲ್ಲ ಎಂಬುದು ಅವರ ಬೋಧನೆ. ಅದನ್ನು ಕೇಳಿಕೊಂಡೇ ಅವಳು ಬೆಳೆದಿದ್ದಳು.

ಒಂದು ಮಧ್ಯಾಹ್ನ ಬಣ್ಣದ ಗೋದಾಮಿನ ಕಾವಲುಗಾರನಿಂದ ಕರೆ ಬಂತು. ಮೂರನೇ ಮಹಡಿಯ ಕೋಣೆಯಲ್ಲಿ ಸಿಕ್ಕಿಕೊಂಡಿದ್ದ, ಮೆಟ್ಟಿಲ ತುಂಬ ಬೆಂಕಿ. ಅವಳು ವಾಹನ ಕಳಿಸಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ ನೆಲಕ್ಕೆ ಮಲಗಲು ಹೇಳಿದಳು. ಅವನು ಹಾಗೇ ಮಾಡಿದ. ಸ್ವಲ್ಪ ಹೊತ್ತಿಗೆ ಕೆಮ್ಮುತ್ತಾ ಕೇಳಿದ:

"ಅಕ್ಕಾ, ನೀವು ಪ್ರಾರ್ಥನೆ ಮಾಡೋರಾ?"

"ಹೂಂ, ಮಾಡ್ತೀನಿ."

"ಚಿಕ್ಕವನಿದ್ದಾಗ ನಾನೂ ಚರ್ಚಿಗೆ ಹೋಗ್ತಿದ್ದೆ. ದೇವರು ಕೆಲವರನ್ನ ಆರಿಸಿಟ್ಟಿದ್ದಾನೆ ಅಂತಿದ್ರು. ನನ್ನನ್ನೂ ಆರಿಸಿದ್ದಾನಾ?"

ಹೌದು ಎಂಬುದು ನಾಲಿಗೆಯ ತುದಿಗೆ ಬಂತು. ಅಪ್ಪನ ಮಾತು ಅಡ್ಡ ನಿಂತಿತು. ತನಗೇ ಗೊತ್ತಿಲ್ಲದ್ದನ್ನು ಸಾಯುವವನಿಗೆ ಹೇಗೆ ಹೇಳುವುದು? ಆ ಕಡೆ ಅವನ ಉಸಿರು ಕೇಳುತ್ತಿತ್ತು, ಕಾಯುತ್ತಿತ್ತು. ಆಮೇಲೆ ಅದೂ ಕೇಳಲಿಲ್ಲ.

ಅಂದಿನಿಂದ ಎರಡು ಕರೆಗಳ ನಡುವಿನ ಬಿಡುವಿನಲ್ಲಿ ಆ ಉಸಿರು ಅವಳ ಕಿವಿಗೆ ಬೀಳತೊಡಗಿತು. ಹೆಡ್‌ಫೋನ್ ಬದಲಿಸಿಕೊಟ್ಟರು, ಹೋಗಲಿಲ್ಲ. ಮನೆಯಲ್ಲಿ ಮಿಕ್ಸಿ ನಿಂತಾಗ, ನಲ್ಲಿ ನಿಲ್ಲಿಸಿದಾಗ, ಸದ್ದು ನಿಂತ ಕಡೆಯೆಲ್ಲ ಅವನು ಕಾಯುತ್ತಿದ್ದ.

ಕೊನೆಗೆ ಅಪ್ಪನ ಮುಂದೆ ಕೂತು ಆ ಕರೆಯ ವಿಷಯ ಹೇಳಿದಳು.

"ಎಲ್ಲರೂ ಉಳೀಬೇಕು ಅನ್ನೋದೇ ದೇವರ ಇಷ್ಟ ಅಂತ ಬೈಬಲ್‌ನಲ್ಲೂ ಇದೆಯಲ್ಲಪ್ಪಾ?"

"ಎಲ್ಲರೂ ಅಂದ್ರೆ ಎಲ್ಲಾ ಥರದ ಜನ ಅಂತ ಮಗಳೇ. ಒಬ್ಬೊಬ್ಬರೂ ಅಂತಲ್ಲ."

"ಅವನು ಒಬ್ಬನೇ ಇದ್ನಪ್ಪಾ."

ಅಪ್ಪ ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸುತ್ತಲೇ ಇದ್ದರು. "ನನ್ನನ್ನೂ ಆರಿಸಿದ್ದಾನಾ ಅಂತ ನಿಮ್ಮಮ್ಮನೂ ಕೇಳಿದ್ಲು," ಎಂದರು. "ಆಸ್ಪತ್ರೆಯಲ್ಲಿ, ಕೊನೇ ದಿನ. ಅದನ್ನ ಯಾರಿಂದಲೂ ಹೇಳೋಕಾಗಲ್ಲ ಅಂದೆ. ಗೋಡೆ ಕಡೆ ತಿರುಗಿಕೊಂಡ್ಲು. ಹನ್ನೆರಡು ವರ್ಷ ಆಯ್ತು, ಕಣ್ಣು ಮುಚ್ಚಿದ್ರೆ ಆ ಬೆನ್ನೇ ಕಾಣುತ್ತೆ ನಂಗೆ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವಳಿಗೆ ಇದು ತಿಳಿದಿರಲಿಲ್ಲ. ಎದ್ದು ಹೋಗಿ ಅನ್ನಕ್ಕಿಟ್ಟಳು.

ಮರುವಾರ ಕಾವಲುಗಾರನ ತಂಗಿಯ ಮನೆ ಹುಡುಕಿಕೊಂಡು ಹೋದಳು. ತಂಗಿ ಹೊಲಿಗೆ ಯಂತ್ರದ ಮುಂದಿಂದ ಏಳಲಿಲ್ಲ. ಫೋನಕ್ಕ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು.

"ನೀವೇನಂದ್ರಿ?"

"ಏನೂ ಅನ್ನಲಿಲ್ಲ."

ತಂಗಿ ಹಲ್ಲಿನಿಂದ ದಾರ ಕಡಿದಳು. "ಹೌದು ಅಂದಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?"

ಎಲ್ಲರೂ ಆಡುವ ಮಾತೇ ಅದು. ಆದರೂ ಕನ್ನಡಕ ಒರೆಸುತ್ತಿದ್ದ ಅಪ್ಪನ ಕೈ ಕಣ್ಣ ಮುಂದೆ ಬಂದು, ಅವಳು ತಲೆ ತಗ್ಗಿಸಿ ಹೊರಗೆ ಬಂದಳು.

ಅಪ್ಪ ಮತ್ತೆ ಯಾರ ಸಾವಿನ ಮನೆಯಲ್ಲೂ ಬೋಧನೆ ಮಾಡಲಿಲ್ಲ. ಹೋಗುತ್ತಿದ್ದರು, ಸುಮ್ಮನೆ ಕೂತು ಬರುತ್ತಿದ್ದರು. ಅವಳು ನಿವೃತ್ತಿಯವರೆಗೂ ಅದೇ ಕುರ್ಚಿಯಲ್ಲಿ ದುಡಿದಳು. ಆ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದರೆ ಹೇಳಲು ಹೌದು ಎಂಬ ಉತ್ತರ ಸಿದ್ಧವಾಗಿತ್ತು. ಯಾರೂ ಕೇಳಲಿಲ್ಲ.